ಆರ್ಲಿಸ್ ನೆಟ್ಟಗೆ ನಿಂತ ಫೋಟೋ

ನಮ್ಮ ಶಾಲೆಯ ಅಡುಗೆಮನೆಗೆ ಏಣಿ ಬೇಕಾಗಿರಲಿಲ್ಲ, ಆರ್ಲಿಸ್ ಕಂಗಾಸ್ ಇದ್ದಳು. ಮೇಲಿನ ಕಪಾಟಿನಿಂದ ಸೂಪಿನ ಹಂಡೆ ಇಳಿಸಬೇಕೆಂದರೂ ಅವಳೇ, ಬಲ್ಬು ಬದಲಾಯಿಸಬೇಕೆಂದರೂ ಅವಳೇ, ಮಕ್ಕಳು ಎಸೆದ ಚೆಂಡು ಊಟದ ಹಾಲ್‌ನ ಚಾವಣಿಯ ಪೈಪಿನ ಸಂದಿಗೆ ಸಿಕ್ಕಿಕೊಂಡರೂ ಅವಳೇ. ಆರಡಿಯನ್ನು ಚೆನ್ನಾಗಿಯೇ ದಾಟಿದ ಹೆಂಗಸು. ಆದರೆ ಅವಳು ಅಷ್ಟು ಎತ್ತರ ಎಂದು ಹೊಸಬರಿಗೆ ಕೂಡಲೇ ತಿಳಿಯುತ್ತಿರಲಿಲ್ಲ. ಯಾರೊಂದಿಗೆ ಮಾತನಾಡಿದರೂ ಭುಜ ಮುಂದಕ್ಕೆ ತಂದು, ಕತ್ತು ತಗ್ಗಿಸಿ, ಒಂದು ಮಂಡಿ ಮಡಿಸಿ ನಿಲ್ಲುವುದು ಅವಳ ರೂಢಿ. ಎದುರಿನವರು ಗಿಡ್ಡಗಿದ್ದಷ್ಟೂ ಅವಳು ಹೆಚ್ಚು ಬಾಗುತ್ತಿದ್ದಳು. ಒಂದನೇ ತರಗತಿಯ ಸಾಲು ಬಂದಾಗಂತೂ ಬಡಿಸುವ ಕಟ್ಟೆಯ ಹಿಂದೆ ಅವಳ ಕೂದಲಿನ ಬಲೆ ಮಾತ್ರ ಕಾಣುತ್ತಿತ್ತು.

ಅಮೆರಿಕದ ದೊಡ್ಡ ಸರೋವರವೊಂದರ ದಂಡೆಯ ಡುಲೂತ್ ಊರಿನ ಗುಡ್ಡದ ಮೇಲಿನ ಆ ಶಾಲೆಯಲ್ಲಿ ನಾನು ಅವಳ ಪಕ್ಕದ ಒಲೆಯಲ್ಲೇ ಅರ್ಧ ಆಯುಷ್ಯ ಕಳೆದವಳು. ಅವಳು ಕಾಡಕ್ಕಿಯ ಸೂಪು ಮಾಡಿದ ದಿನ ಮನೆಯಿಂದ ಡಬ್ಬಿ ತಂದ ಮೇಷ್ಟರುಗಳೂ ಡಬ್ಬಿ ಮುಚ್ಚಿಟ್ಟು ಬಟ್ಟಲು ಹಿಡಿದು ಬರುತ್ತಿದ್ದರು. ಅಳುವ ಮಗುವಿಗೆ ಅವಳು ಏನೂ ಹೇಳುತ್ತಿರಲಿಲ್ಲ, ಒಂದು ಬಿಸ್ಕತ್ತು ಹೆಚ್ಚಿಗೆ ಹಾಕಿ ಕಣ್ಣು ಮಿಟುಕಿಸುತ್ತಿದ್ದಳು. ಮೈನಡುಗುವ ಚಳಿಗೂ, ಆರೋಗ್ಯ ಇಲಾಖೆಯ ತಪಾಸಣೆಗೂ ಹೆದರದವಳು ಹೆದರುತ್ತಿದ್ದದ್ದು ಕ್ಯಾಮೆರಾಕ್ಕೆ. ಪ್ರತಿ ವಸಂತದಲ್ಲಿ ಶಾಲೆಯ ಸಿಬ್ಬಂದಿಯನ್ನೆಲ್ಲ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಅವಳ ಒಲೆಯ ಮೇಲೆ ಏನಾದರೂ ಉಕ್ಕುತ್ತಿರುತ್ತಿತ್ತು.

ಇದರ ಮೂಲ ಹಳೆಯದು. ಹದಿಮೂರು ತುಂಬುವುದರೊಳಗೆ ಅವಳು ತನ್ನ ತಂದೆಗಿಂತ ಎತ್ತರ ಬೆಳೆದಿದ್ದಳು. ತಾಯಿ ಪ್ರತಿ ಫ್ರಾಕಿನ ಕೆಳಗೂ ಬೇರೆ ಬಟ್ಟೆಯ ಪಟ್ಟಿ ಜೋಡಿಸಿ ಹೊಲಿಯುತ್ತಿದ್ದಳು. ಆರು ತಿಂಗಳಿಗೆ ಆ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಬರುತ್ತಿತ್ತು. ಚರ್ಚಿನಲ್ಲಿ ಆ ವಯಸ್ಸಿನ ಮಕ್ಕಳ ದೀಕ್ಷೆ ಮುಗಿದು ಎಲ್ಲರನ್ನೂ ಫೋಟೋಗೆ ನಿಲ್ಲಿಸಿದಾಗ ಪಾದ್ರಿಗಳು ಆರ್ಲಿಸಳನ್ನು ಹುಡುಗರ ಹಿಂದೆ ನಿಲ್ಲಿಸಿದರು. ಕರಿಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ ಫೋಟೋಗ್ರಾಫರ್ ಕೂಗಿದ: "ಹಿಂದಿರೋ ದೀಪದ ಕಂಬ, ಸ್ವಲ್ಪ ಬಗ್ಗಮ್ಮ!" ಇಡೀ ಚರ್ಚು ನಕ್ಕಿತು. ಅವಳು ಬಗ್ಗಿದಳು. ಆಮೇಲೆ ಏಳಲು ಮರೆತಳು ಎಂದೇ ಹೇಳಬೇಕು.

ಗಂಡ ರೇನೋ ಸಿಕ್ಕಿದ್ದು ಅವಳ ಅದೃಷ್ಟ. ಊರಿನ ರಸ್ತೆಗಳ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ ರೇನೋ ಅವಳ ಭುಜದವರೆಗೆ ಬರುತ್ತಿದ್ದ. ಅವನಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಮದುವೆಯ ದಿನ ಸ್ಟುಡಿಯೋದವನು ಆರ್ಲಿಸಳಿಗೆ ಕುರ್ಚಿ ತಂದಿಟ್ಟಾಗ ಅವನು ಜಗಳಕ್ಕೇ ನಿಂತಿದ್ದನಂತೆ. "ಅವಳ್ಯಾಕೆ ಕೂರ್ಬೇಕು? ನಂಗೊಂದು ಸ್ಟೂಲ್ ಕೊಡಿ, ನಾನೇ ಹತ್ತಿ ನಿಲ್ತೀನಿ!" ಆದರೂ ಆರ್ಲಿಸ್ ಕೂತಳು. ಆ ಮದುವೆಯ ಫೋಟೋ ಅವಳ ಊಟದ ಕೋಣೆಯಲ್ಲಿತ್ತು: ಕೂತ ಮದುಮಗಳು, ನಗು ತಡೆಯಲಾರದೆ ಬಾಯಿ ಬಿಗಿಹಿಡಿದ ಮದುಮಗ. ರೇನೋ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಹಡಗುಕಟ್ಟೆಯ ಕೂಲಿಗಳೂ ಮರ ಕಡಿಯುವವರೂ ಬಟ್ಟೆ ಕೊಳ್ಳುವ ಅಂಗಡಿಗೆ ಹೋಗಿ ಅವಳು ಗಂಡಸರ ಪ್ಯಾಂಟು, ಚೌಕಳಿ ಅಂಗಿ ತರುತ್ತಿದ್ದಳು. ಅವಳ ಕಾಲಿಗೆ, ತೋಳಿಗೆ ಸಾಲುವ ಬಟ್ಟೆ ನಮ್ಮೂರಲ್ಲಿ ಅಲ್ಲಿ ಮಾತ್ರ ಸಿಗುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೇನೋ, ಅವಳ ಅಕ್ಕ ಲವಾನ್ ಎಪ್ಪತ್ತು ದಾಟಿದ ಮೇಲೆ ಎರಡನೇ ಮದುವೆಗೆ ಹೊರಡದೇ ಇದ್ದಿದ್ದರೆ.

ಲವಾನ್ ಗಿಡ್ಡಗೆ, ಗುಂಡಗೆ, ಬಾಯಿಯ ಜೋರಿನಲ್ಲಿ ಇಡೀ ಬೀದಿಗೆ ಸಾಕಾಗುವವಳು. ಅವಳೂ ಗಂಡನನ್ನು ಕಳೆದುಕೊಂಡವಳೇ. ಸುದ್ದಿಯನ್ನು ಅವಳು ಹೇಳಿದ್ದು ಆರ್ಲಿಸಳ ಹಿತ್ತಲಿನ ಸೌನಾದಲ್ಲಿ. ರೇನೋ ಕೈಯಾರೆ ಕಟ್ಟಿದ ಆ ಪುಟ್ಟ ಮರದ ಗೂಡಿನಲ್ಲಿ ಶನಿವಾರ ಮಧ್ಯಾಹ್ನ ನಾವು ಮೂವರೂ ಬೆವರುತ್ತ ಕೂರುವುದು ವಾಡಿಕೆ. ಲವಾನ್ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಸುರಿದು, ಹಬೆ ಏಳುತ್ತಿದ್ದಂತೆ, "ನಾನು ಹಾರ್ಲನ್‌ನ ಮದುವೆ ಆಗ್ತಿದೀನಿ" ಎಂದಳು.

ಹಾರ್ಲನ್ ನಮಗೆ ಗೊತ್ತಿದ್ದವನೇ. ಸರೋವರದಲ್ಲಿ ಅದಿರು ಸಾಗಿಸುವ ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತನಾದ ಸಾಧು ಮನುಷ್ಯ.

"ಯಾವಾಗ?" ಎಂದಳು ಆರ್ಲಿಸ್.

"ಜೂನಲ್ಲಿ. ಚರ್ಚಲ್ಲಿ ಹೂ ಹಿಡಿದು ನನ್ನ ಪಕ್ಕ ನಿಲ್ಲೋಳು ನೀನೇ. ಈಗ್ಲೇ ಹೇಳಿರ್ತೀನಿ, ಆ ಮರ ಕಡಿಯೋರ ಪ್ಯಾಂಟ್ ಹಾಕ್ಕೊಂಡು ಬಂದ್ಯೋ, ಜನ ಹಾರ್ಲನ್‌ನ ಬಿಟ್ಟು ನಿನ್ನನ್ನೇ ಮದುಮಗ ಅಂದ್ಕೋತಾರೆ."

"ಹಾಗಾದ್ರೆ ಜೋನಿ ನಿಲ್ಲಲಿ" ಎಂದು ಆರ್ಲಿಸ್ ನನ್ನನ್ನು ತೋರಿಸಿದಳು.

"ಜೋನಿ ನನ್ನ ತಂಗಿಯಾ? ನಿಂಗೆ ಒಂದು ಒಳ್ಳೆ ಡ್ರೆಸ್ ತಗೋಬೇಕು, ಅಷ್ಟೇ. ಮುಗೀತು ಮಾತು."

ಮಾತು ಮುಗಿದಿತ್ತು, ಡ್ರೆಸ್ ಸಿಗಬೇಕಿತ್ತಲ್ಲ. ಊರಿನ ದೊಡ್ಡ ಬಟ್ಟೆಯಂಗಡಿ ಬಾಗಿಲು ಹಾಕಿ ಆಗಲೇ ಬಹಳ ಕಾಲವಾಗಿತ್ತು. ಉಳಿದ ಒಂದು ಅಂಗಡಿಯಲ್ಲಿ ಆರ್ಲಿಸ್ ಹಾಕಿ ನೋಡಿದ ಉದ್ದನೆಯ ಡ್ರೆಸ್ ಅವಳ ಮಂಡಿ ದಾಟಲಿಲ್ಲ. ಅಂಗಡಿಯ ಹುಡುಗಿ ಪಾಪ, ಸಮಾಧಾನ ಮಾಡಲೆಂದು, "ಇದನ್ನ ಪ್ಯಾಂಟ್ ಮೇಲೆ ಶರ್ಟ್ ಥರ ಹಾಕ್ಕೋಬಹುದು ಮೇಡಂ" ಎಂದಳು. ಆರ್ಲಿಸ್ ಅವಳಿಗೆ ಥ್ಯಾಂಕ್ಸ್ ಹೇಳಿ, ಡ್ರೆಸ್ಸನ್ನು ನೀಟಾಗಿ ಹ್ಯಾಂಗರಿಗೆ ಹಾಕಿ, ಕಾರಿನಲ್ಲಿ ಬಂದು ಕೂತಳು.

ಆಗ ನಾನೇ ಫೋನಿನ ಒಂದು ಆ್ಯಪಿನ ವಿಷಯ ಎತ್ತಿದ್ದು. ನಮ್ಮದೊಂದು ಫೋಟೋ ಕೊಟ್ಟರೆ ಯಾವ ಬಟ್ಟೆ ಬೇಕಾದರೂ ನಮಗೆ ತೊಡಿಸಿ ತೋರಿಸುತ್ತದೆ. ಚೆನ್ನಾಗಿ ಕಂಡದ್ದನ್ನು ಅಲ್ಲೇ ತರಿಸಿಕೊಳ್ಳಬಹುದು. ಉದ್ದನೆಯ ಹೆಂಗಸರಿಗೆಂದೇ ಒಂದು ವಿಭಾಗವೂ ಅದರಲ್ಲಿತ್ತು.

"ಫೋಟೋ ಕೊಡ್ಬೇಕಾ?" ಎಂದಳು ಆರ್ಲಿಸ್.

"ಒಂದೇ ಒಂದು ಸಾಕು. ಪೂರ್ತಿ ಮೈ ಕಾಣ್ಬೇಕು."

ಮನೆಯಲ್ಲಿದ್ದ ಆಲ್ಬಮ್ಮುಗಳನ್ನೆಲ್ಲ ತೆರೆದು ನೋಡಿದೆವು. ಒಂದರಲ್ಲಿ ಅವಳು ಕೂತಿದ್ದಳು, ಇನ್ನೊಂದರಲ್ಲಿ ಸೋಫಾದ ಹಿಂದಿದ್ದಳು, ಮತ್ತೊಂದರಲ್ಲಿ ಕೇಕಿನ ಮೇಲೆ ಬಗ್ಗಿದ್ದಳು. ಕೆಲವುಗಳಲ್ಲಿ ತಲೆಯೇ ಇರಲಿಲ್ಲ. ಕಾಲಿನಿಂದ ತಲೆಯವರೆಗೆ ಆರ್ಲಿಸ್ ಇದ್ದ ಫೋಟೋ ಇಡೀ ಮನೆಯಲ್ಲಿ ಒಂದೂ ಸಿಗಲಿಲ್ಲ.

ಸರಿ, ಹೊಸದು ತೆಗೆಯೋಣವೆಂದು ಅಡುಗೆಮನೆಯಲ್ಲೇ ನಿಲ್ಲಿಸಿದೆ. ಹಿಂದೆ ಕಿಟಕಿ, ಕಿಟಕಿಯ ಹೊರಗೆ ಹಿಮದ ಬೆಳಕು. ಫೋಟೋದಲ್ಲಿ ಆರ್ಲಿಸ್ ಕರಿ ನೆರಳಾಗಿ ಬಂದಳು. ಆ್ಯಪು ಆ ನೆರಳಿಗೂ, ಪಕ್ಕದ ಫ್ರಿಜ್ಜಿಗೂ ಸೇರಿಸಿ ಒಂದೇ ಹಳದಿ ಗೌನು ತೊಡಿಸಿತು. ಕನ್ನಡಿಯ ಮುಂದೆ ಅವಳೇ ಫೋನ್ ಹಿಡಿದು ತೆಗೆದುಕೊಂಡಾಗ ಫೋನು ಹೊಟ್ಟೆಗೆ ಅಡ್ಡ ಬಂತು. ಆ್ಯಪಿಗೆ ಏನು ಅರ್ಥವಾಯಿತೋ, ಸೊಂಟದಿಂದ ಇನ್ನೊಂದು ಕೈ ಹೊರಡಿಸಿ ತೋರಿಸಿತು. ಮೂರು ಕೈಗಳನ್ನು ನೋಡಿ ಲವಾನ್ ಕುರ್ಚಿಯಿಂದ ಬೀಳುವಷ್ಟು ನಕ್ಕಳು. "ಒಳ್ಳೇದಾಯ್ತು ಬಿಡೇ, ಒಂದ್ರಲ್ಲಿ ಹೂವು, ಒಂದ್ರಲ್ಲಿ ಕೇಕು, ಇನ್ನೊಂದ್ರಲ್ಲಿ ನನ್ನ ಗೌನಿನ ಅಂಚು ಹಿಡ್ಕೋಬಹುದು!"

ಬಯಲಿನಲ್ಲಿ ತೆಗೆಯೋಣವೆಂದು ಬೀದಿಗೆ ಬಂದೆವು. ನಮ್ಮೂರಿನ ಬೀದಿಗಳು ಸರೋವರದ ಕಡೆಗೆ ಜಾರುಬಂಡೆಯಂತೆ ಇಳಿಯುತ್ತವೆ. ನಾನು ಮೇಲೆ ನಿಂತು ತೆಗೆದರೆ ಅವಳಿಗೆ ಕುಂಬಳದಷ್ಟು ತಲೆ, ಕಡ್ಡಿಯಂಥ ಕಾಲು. ಕೆಳಗೆ ನಿಂತು ತೆಗೆದರೆ ಸೇತುವೆಯ ಕಂಬಗಳಂಥ ಕಾಲು, ಮೇಲೆಲ್ಲೋ ಗುಬ್ಬಚ್ಚಿಯಷ್ಟು ತಲೆ. ಮಧ್ಯಾಹ್ನದ ಬಿಸಿಲು ಕಣ್ಣ ಕೆಳಗೆ ಮಸಿ ಬಳಿದಿತ್ತು. ಅವಳು ಬಿಚ್ಚಲೊಪ್ಪದ ದೊಗಳೆ ಸ್ವೆಟರಿನಿಂದಾಗಿ ಮೈ ಎಲ್ಲಿ ಶುರು, ಬಟ್ಟೆ ಎಲ್ಲಿ ಮುಗಿಯಿತು ಎಂದು ಆ್ಯಪಿಗೆ ತಿಳಿಯಲೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಫೋನ್ ಎತ್ತಿದ ಕ್ಷಣ ಅವಳ ಮಂಡಿ ತಾನಾಗಿ ಮಡಚಿಕೊಳ್ಳುತ್ತಿತ್ತು, ಕತ್ತು ಒಳಗೆ ಹೋಗುತ್ತಿತ್ತು.

ಕೊನೆಗೆ ಪರದೆಯ ಮೇಲೆ ಒಂದು ಸಾಲು ಮೂಡಿತು: ದಯವಿಟ್ಟು ನೆಟ್ಟಗೆ ನಿಂತಿರುವ ಫೋಟೋ ಕೊಡಿ.

ಆರ್ಲಿಸ್ ಅದನ್ನು ಓದಿದಳು. ನಕ್ಕು ಸುಮ್ಮನಾಗುತ್ತಾಳೆ ಎಂದುಕೊಂಡೆ. ಅವಳು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ನಂಗಿದು ಬರಲ್ಲ ಜೋನಿ. ಅಕ್ಕಾ, ಮದುವೆ ಅಡುಗೆ ಎಲ್ಲಾ ನಾನೇ ಮಾಡ್ತೀನಿ. ಪಕ್ಕ ಮಾತ್ರ ಬೇರೆ ಯಾರನ್ನಾದ್ರೂ ನಿಲ್ಲಿಸ್ಕೋ."

ಲವಾನ್ ಜಗಳಕ್ಕೆ ಬೀಳುತ್ತಾಳೆಂದು ನಾನು ಕಾದೆ. ಅವಳು ತನ್ನ ಮನೆಗೆ ಹೋಗಿ ಒಂದು ಫೋಟೋ ತಂದಳು. ಅವಳ ಮೊದಲನೇ ಮದುವೆಯದು. ನಡುವೆ ಗಂಡ ಹೆಂಡತಿ. ಅಂಚಿನಲ್ಲಿ, ಚೌಕಟ್ಟಿನ ಹೊರಗಿನಿಂದ ಚಾಚಿದ ಒಂದು ಉದ್ದನೆಯ ಕೈ, ಕೈಯಲ್ಲಿ ಹೂಗೊಂಚಲು.

"ಇದು ನೀನು" ಎಂದಳು. ಅವಳ ದನಿ ಅಷ್ಟು ಮೆಲ್ಲಗಾದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ನನ್ನ ಮದುವೇಲಿ ನನ್ನ ತಂಗಿ ಅಂತ ಇರೋದು ಬರೀ ಈ ಕೈ. ನೀನು ಫೋಟೋ ತೆಗೆಯೋ ಹೊತ್ತಿಗೆ ಸರಿಯಾಗಿ ಪಕ್ಕಕ್ಕೆ ಸರಿದೆ. ನಂಗೆ ಗೊತ್ತು. ಈ ಸಲ ನಂಗೆ ಪೂರ್ತಿ ತಂಗಿ ಬೇಕು ಕಣೇ. ನಮ್ಮಿಬ್ರಿಗೂ ಇನ್ನೆಷ್ಟು ಫೋಟೋ ಉಳಿದಿರತ್ತೆ?"

ಆರ್ಲಿಸ್ ಆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಕಾಫಿಗೆ ನೀರಿಟ್ಟಳು. ಕಾಫಿ ಬಸಿಯುತ್ತ, ಬೆನ್ನು ನಮ್ಮ ಕಡೆಗಿದ್ದಂತೆಯೇ, "ಶಾಲೆ ಊಟದ ಹಾಲ್‌ನ ಗೋಡೆ ಬಿಳಿ ಇದೆ" ಎಂದಳು. "ನೆಲಾನೂ ಸಮ ಇದೆ."

ಹೆಡ್‌ಮಾಸ್ಟರನ್ನು ಕೇಳಿ ಭಾನುವಾರ ಹಾಲಿನ ಬಾಗಿಲು ತೆಗೆದೆವು. ಅಂದು ಸರೋವರದಿಂದ ಎದ್ದ ಮಂಜು ಊರಿನ ಮೇಲೆ ಹತ್ತಿಯಂತೆ ಕವಿದಿತ್ತು. ದೊಡ್ಡ ಕಿಟಕಿಗಳಿಂದ ಮೆತ್ತನೆಯ ಬೆಳಕು ಬರುತ್ತಿತ್ತು, ಎಲ್ಲೂ ನೆರಳಿಲ್ಲ. ಬೆಂಚುಗಳನ್ನು ಪಕ್ಕಕ್ಕೆ ಸರಿಸಿ ಬಿಳಿ ಗೋಡೆಯನ್ನು ಖಾಲಿ ಮಾಡಿದೆವು. ತಟ್ಟೆ ಸಾಗಿಸುವ ತಳ್ಳುಗಾಡಿಯ ಮೇಲೆ ಟೊಮ್ಯಾಟೊ ಡಬ್ಬಗಳನ್ನು ಒಂದರ ಮೇಲೊಂದು ಇಟ್ಟು, ಅವಳ ಸೊಂಟದ ಎತ್ತರಕ್ಕೆ ಫೋನನ್ನು ನೆಟ್ಟಗೆ ನಿಲ್ಲಿಸಿದೆ. ಹೊಸ್ತಿಲವರೆಗೂ ಗಾಡಿಯನ್ನು ಹಿಂದಕ್ಕೆ ತಳ್ಳಿದಾಗ ಅವಳ ತಲೆಯ ಮೇಲೂ ಪಾದದ ಕೆಳಗೂ ಒಂದಿಷ್ಟು ಜಾಗ ಉಳಿಯಿತು.

ಉಳಿದದ್ದು ಬಟ್ಟೆ. ಮೈಗೆ ಹತ್ತಿದ ಬಟ್ಟೆ ಬೇಕು ಎಂದಿದ್ದೆ. ಆರ್ಲಿಸ್ ಬಳಿ ಹಾಗೆ ಇದ್ದದ್ದು ಚಳಿಗಾಲದಲ್ಲಿ ಅಂಗಿಯ ಒಳಗೆ ತೊಡುವ ಕಪ್ಪು ಉಣ್ಣೆಯ ಒಳಉಡುಪು ಮಾತ್ರ. ಅಡುಗೆಮನೆಯಲ್ಲಿ ಅದನ್ನು ತೊಟ್ಟು, ಮೇಲೆ ಏಪ್ರನ್ ಕಟ್ಟಿಕೊಂಡು ಬಂದಳು.

"ಏಪ್ರನ್ ಬಿಚ್ಚೇ" ಎಂದಳು ಲವಾನ್.

"ಬೇಡ."

"ಸೌನಾದಲ್ಲಿ ಬರೀ ಮೈಯಲ್ಲಿ ಕೂರೋಳು, ಇಲ್ಲಿ ನಾಚ್ಕೋತೀಯಾ?"

"ಸೌನಾದಲ್ಲಿ ಕ್ಯಾಮೆರಾ ಇರಲ್ಲ."

ಏಪ್ರನ್ ಬಿಚ್ಚಿಸಿದೆವು. ಕೂದಲನ್ನು ಹಿಂದಕ್ಕೆ ಕಟ್ಟಿದೆವು. "ಕೈ ಸ್ವಲ್ಪ ದೂರ ಇಟ್ಕೋ, ಮೈಗೆ ಅಂಟಿಸ್ಬೇಡ" ಎಂದು ನಾನು, "ಭುಜ ಮೇಲೆತ್ತು, ಗದ್ದ ಎತ್ತು, ನಗು" ಎಂದು ಲವಾನ್. ಇಬ್ಬರ ಮಾತಿಗೆ ಸಿಕ್ಕಿ ಆರ್ಲಿಸ್ ಕವಾಯತಿಗೆ ನಿಂತ ಸಿಪಾಯಿಯಂತಾದಳು. ಉಸಿರು ಬಿಟ್ಟ ಕೂಡಲೇ ಮತ್ತೆ ಬಾಗಿದಳು. ಸಿಪಾಯಿ, ಬಾಗಿದವಳು, ಸಿಪಾಯಿ. ಒಂದೂ ಉಪಯೋಗಕ್ಕೆ ಬರಲಿಲ್ಲ.

"ಜೋನಿ" ಎಂದಳು ಅವಳು, "ಇದ್ರಲ್ಲಿ ತಾನಾಗಿ ಫೋಟೋ ತೆಗೆಯೋ ಹಾಗೆ ಇಡಬಹುದಲ್ವಾ?"

"ಟೈಮರ್? ಇಡಬಹುದು."

"ಇಟ್ಟು ನೀವಿಬ್ರೂ ಆಚೆ ಹೋಗಿ."

ನಾವು ಮೊಗಸಾಲೆಗೆ ಹೋದೆವು. ಬಾಗಿಲಿನಲ್ಲಿ ಒಂದು ಚಿಕ್ಕ ಗಾಜಿತ್ತು. ಅದು ಲವಾನಳ ಕಣ್ಣಿಗೆ ಎಟುಕುತ್ತಿರಲಿಲ್ಲ.

"ಏನ್ ಮಾಡ್ತಿದಾಳೆ? ಹೇಳೇ."

"ಗುಂಡಿ ಒತ್ತಿ ಹೋಗಿ ನಿಂತಳು. ಬಂದು ನೋಡ್ತಿದಾಳೆ. ಅಳಿಸಿದ್ಲು."

"ಈಗ?"

"ಮತ್ತೆ ಒತ್ತಿದ್ಲು. ಓಡಿ ಹೋಗಿ ನಿಂತಳು. ಮತ್ತೆ ಅಳಿಸಿದ್ಲು."

"ಈಗೇನು, ಈಗೇನು? ನನ್ನನ್ನ ಎತ್ತೇ ಮಾರಾಯ್ತಿ!"

"ನಿನ್ನನ್ನ ಎತ್ತೋಕೆ ಅವಳೇ ಬರ್ಬೇಕು. ತಡಿ."

ಆರ್ಲಿಸ್ ಈಗ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಗೋಡೆಯ ಹತ್ತಿರ ಹೋದಳು. ಬಾಗಿಲ ಕಂಬಕ್ಕೆ ಮಕ್ಕಳನ್ನು ನಿಲ್ಲಿಸಿ ಎತ್ತರ ಅಳೆಯುತ್ತಾರಲ್ಲ, ಹಾಗೆ ಹಿಮ್ಮಡಿಯನ್ನು ಗೋಡೆಗೆ ಒತ್ತಿದಳು. ಆಮೇಲೆ ಬೆನ್ನು. ಬೆನ್ನು ತಾಗಿದ ಮೇಲೆ ಭುಜ, ಒಂದೊಂದಾಗಿ. ಕೊನೆಗೆ ತಲೆಯ ಹಿಂಭಾಗ. ತಲೆ ಗೋಡೆಗೆ ತಾಗಲು ಬಹಳ ಕಷ್ಟಪಟ್ಟಳು, ಕಣ್ಣು ಮುಚ್ಚಿಕೊಂಡಿದ್ದಳು. ತಾಗಿದಾಗ ಹಾಗೆಯೇ ನಿಂತು ಉಸಿರಾಡಿದಳು. ಅವಳು ಬಾಗುತ್ತಿದ್ದದ್ದು ಎದುರಿಗೆ ಯಾರೋ ಇರುತ್ತಿದ್ದರು ಎಂಬ ಕಾರಣಕ್ಕೆ. ಈಗ ಎದುರಿಗೆ ಟೊಮ್ಯಾಟೊ ಡಬ್ಬಗಳು ಬಿಟ್ಟರೆ ಯಾರೂ ಇರಲಿಲ್ಲ.

"ಏನಾಯ್ತು? ಅಳ್ತಿದಾಳಾ?"

"ಇಲ್ಲ. ಉದ್ದ ಆಗ್ತಿದಾಳೆ" ಎಂದೆ.

ಹಾಗೇ ನಡೆದುಬಂದು ಗುಂಡಿ ಒತ್ತಿ, ಮತ್ತೆ ಹೋಗಿ ಗೋಡೆಗೆ ಒರಗಿ, ಒಂದು ಹೆಜ್ಜೆ ಮುಂದೆ ಬಂದು ಕೈಗಳನ್ನು ಸಡಿಲ ಬಿಟ್ಟು ನಿಂತಳು. ಮಂಡಿ ಮಡಿಸಲಿಲ್ಲ. ಬಂದು ಫೋನು ನೋಡಿದಳು. ಈ ಸಲ ಅಳಿಸಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ನೋಡುತ್ತಲೇ ಇದ್ದಳು. ನಾವು ಮೆಲ್ಲಗೆ ಒಳಗೆ ಹೋದಾಗ ತಲೆಯೆತ್ತಿದಳು.

"ನಾನು ಇಷ್ಟು ಉದ್ದ ಇದೀನಾ?"

"ಯಾಕೆ, ಗೊತ್ತಿರ್ಲಿಲ್ವಾ?" ಎಂದಳು ಲವಾನ್.

"ಗೊತ್ತಿತ್ತು. ನೋಡಿರ್ಲಿಲ್ಲ."

ಅಂದು ಸಂಜೆ ಅವಳ ಅಡುಗೆಮನೆಯ ಮೇಜಿನ ಸುತ್ತ ನಾವು ಮಾಡಿದ ಗಲಾಟೆಗೆ ಪಕ್ಕದ ಮನೆಯ ನಾಯಿ ಬೊಗಳಿತು. ಏಲಕ್ಕಿ ಬ್ರೆಡ್ಡನ್ನು ಬೆಣ್ಣೆ ಸವರಿ ಸವರಿ ತಿನ್ನುತ್ತ ಆ್ಯಪಿನಲ್ಲಿ ಆರ್ಲಿಸಳಿಗೆ ಇದ್ದಬದ್ದ ಬಣ್ಣವೆಲ್ಲ ತೊಡಿಸಿದೆವು. ಕೆಂಪಿನಲ್ಲಿ ಅವಳು ಅಗ್ನಿಶಾಮಕ ಗಾಡಿಯಂತೆ ಕಂಡಳೆಂದು ಲವಾನ್, ಹಸಿರಿನಲ್ಲಿ ಪೈನ್ ಮರದಂತೆಂದು ನಾನು. ಯಾವುದಕ್ಕೂ ಆರ್ಲಿಸ್ ಬೇಜಾರು ಮಾಡಿಕೊಳ್ಳಲಿಲ್ಲ. ಅವಳೇ ಬೆರಳಿನಿಂದ ಸರಿಸಿ ಸರಿಸಿ ಮುಂದಿನದನ್ನು ನೋಡುತ್ತಿದ್ದಳು. ಹೀಗೆ ಸರಿಸುವಾಗ ಕೈತಪ್ಪಿ ಒಂದು ಮದುವಣಗಿತ್ತಿಯ ಬಿಳಿ ಗೌನು ಅವಳ ಮೈಮೇಲೆ ಬಂತು. ಹಿಂದೆ ನೆಲದ ಮೇಲೆ ಹರಡಿದ ಉದ್ದನೆಯ ಅಂಚು, ತೋಳಿಗೆ ಲೇಸು. ಲವಾನ್ ಬೆಣ್ಣೆಚಾಕು ಕೆಳಗಿಟ್ಟಳು. ಮದುವಣಗಿತ್ತಿ ನಿಂತಿದ್ದಳು, ನೆಟ್ಟಗೆ.

"ರೇನೋ ಇದನ್ನ ನೋಡಿದ್ರೆ ಸ್ಟೂಲ್ ಅಲ್ಲ, ಏಣಿ ತರ್ತಿದ್ದ" ಎಂದಳು ಆರ್ಲಿಸ್. ನಕ್ಕಳು, ಏಪ್ರನ್ನಿನ ತುದಿಯಿಂದ ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಆ ಚಿತ್ರವನ್ನು ಅಳಿಸಬೇಡ ಎಂದು ನನಗೆ ಹೇಳಿದಳು.

ಕೊನೆಗೆ ಆರಿಸಿದ್ದು ನೇರಳೆ ಬಣ್ಣದ, ಪಾದ ಮುಟ್ಟುವ ಒಂದು ಸರಳ ಡ್ರೆಸ್. ಪರದೆಯ ಮೇಲೆ ಅದು ಅವಳಿಗೆಂದೇ ನೇಯ್ದಂತಿತ್ತು.

ಮದುವೆಯ ವಾರ ಪೆಟ್ಟಿಗೆ ಬಂತು. ಬಣ್ಣ ಅದೇ, ಬಟ್ಟೆ ಮೃದು, ಭುಜಕ್ಕೆ ಕರಾರುವಾಕ್ಕಾಗಿ ಕೂತಿತು. ಉದ್ದ ಮಾತ್ರ ಮೀನಖಂಡದ ನಡುವಿನವರೆಗೆ ಬಂದು ನಿಂತಿತು. ಫೋಟೋದಲ್ಲಿನ ಮೈಗೆ ತಕ್ಕಂತೆ ಬಟ್ಟೆಯನ್ನು ಎಳೆದು ತೋರಿಸುವುದು ಆ್ಯಪಿಗೆ ಸುಲಭ. ಹೊಲಿದವರು ಅಷ್ಟು ಬಟ್ಟೆ ಬಳಸಿರಲಿಲ್ಲ. ನಾನು ಅಳತೆಯ ಪಟ್ಟಿ ಹಿಡಿದು ಡ್ರೆಸ್ಸಿನ ವಿವರ ನೋಡಬೇಕಿತ್ತು, ನೋಡಿರಲಿಲ್ಲ. ವಾಪಸು ಕಳಿಸಿ ಬೇರೆ ತರಿಸಲು ಸಮಯವಿಲ್ಲ. ಲವಾನ್ ತಲೆಯ ಮೇಲೆ ಕೈ ಹೊತ್ತು ಕೂತಳು.

"ನಾನು ಕೆಳಗೆ ಒಂದು ಪಟ್ಟಿ ಜೋಡಿಸಿ ಹೊಲಿದ್ಕೊಡ್ತೀನಿ" ಎಂದಳು. "ಅದೇ ಬಣ್ಣದ ಬಟ್ಟೆ ಹುಡುಕಿದ್ರೆ ಯಾರಿಗೂ ಗೊತ್ತಾಗಲ್ಲ."

"ಬೇಡ" ಎಂದಳು ಆರ್ಲಿಸ್. ಅವಳು ಬಚ್ಚಲುಮನೆಯ ಬಾಗಿಲ ಕನ್ನಡಿಯ ಮುಂದೆ ನಿಂತಿದ್ದಳು. "ಅಮ್ಮ ಹೊಲಿದ ಪಟ್ಟಿಗಳೇ ಸಾಕು ನನ್ನ ಜನ್ಮಕ್ಕೆ. ಕಾಲು ಕಾಣತ್ತೆ. ಕಾಣ್ಲಿ ಬಿಡು."

ಹಾಗೆಯೇ ಹೋದಳು. ಮದುವೆಯ ದಿನ ಬೆಳಿಗ್ಗೆ ಅವಳು ಚರ್ಚಿನ ನಡುವಿನ ದಾರಿಯಲ್ಲಿ ಹೂಗೊಂಚಲು ಹಿಡಿದು ನಡೆದು ಬಂದಾಗ, ವರ್ಷಗಟ್ಟಲೆ ಅವಳ ಕೈಯ ಸೂಪು ಕುಡಿದ ಜನ ಯಾರಿದು ಎಂದು ತಿರುಗಿ ತಿರುಗಿ ನೋಡಿದರು. ಹಾರ್ಲನ್ ಬಲಿಪೀಠದ ಮುಂದೆ ನಿಂತಿದ್ದವನು ಮದುಮಗಳನ್ನು ನೋಡುವುದು ಬಿಟ್ಟು ನಾದಿನಿಯನ್ನು ನೋಡಿದ್ದಕ್ಕೆ, ಅವಳ ಹಿಂದೆಯೇ ಬಂದು ನಿಂತ ಲವಾನ್ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಪಾದ್ರಿಗಳೂ ಸೇರಿ ಎಲ್ಲರೂ ಅದನ್ನು ಕಂಡರು. ಊಟಕ್ಕೆ ಹಾರ್ಲನ್ ತಾನೇ ಮಾಡಿದ ಸುಟ್ಟ ಮೀನು, ಬೆರಿಹಣ್ಣಿನ ಪೈ. "ಹಡಗಲ್ಲಿ ಎಂಥೆಂಥ ಗಂಡಸರ ಬಾಯಿ ಮುಚ್ಚಿಸಿದೀನಿ ಊಟ ಹಾಕಿ" ಎಂದು ಅವನು ಆರ್ಲಿಸಳಿಗೆ ಹೇಳುತ್ತಿದ್ದ, "ನಿಮ್ಮಕ್ಕ ಮಾತ್ರ ತಿಂತಾ ತಿಂತಾನೇ ಮಾತಾಡ್ತಾಳಲ್ಲ, ಏನ್ಮಾಡ್ಲಿ?"

"ಅಭ್ಯಾಸ ಮಾಡ್ಕೋ" ಎಂದಳು ಆರ್ಲಿಸ್. "ನಾನೂ ಮಾಡ್ಕೊಂಡೆ."

ಬೆನ್ನು ಒಂದೇ ದಿನಕ್ಕೆ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಸೋಮವಾರ ಒಂದನೇ ತರಗತಿಯ ಸಾಲು ಬಂದಾಗ ಅವಳು ಎಂದಿನಂತೆ ಬಾಗಿಯೇ ಬಡಿಸಿದಳು. ನಡುವೆ ನೆನಪಾದಾಗ ಗೋಡೆಗೆ ಬೆನ್ನು ಒತ್ತಿ ನಿಂತು ಮತ್ತೆ ಬರುತ್ತಿದ್ದಳು.

ಮದುವೆಗೆ ಬಂದ ಹೆಂಗಸರು ಡ್ರೆಸ್ ಎಲ್ಲಿಯದೆಂದು ಕೇಳಿ, ಫೋಟೋ ಹೇಗೆ ತೆಗೆದಿರಿ ಎಂದು ಕೇಳಿ, ಕೊನೆಗೆ ನಮಗೂ ಒಂದು ತೆಗೆದುಕೊಡು ಎಂದರು. ಹೀಗೆ ಆ ಚಳಿಗಾಲ ಶುರುವಾಗುವ ಹೊತ್ತಿಗೆ ಶನಿವಾರ ಬೆಳಿಗ್ಗೆ ಶಾಲೆಯ ಊಟದ ಹಾಲಿನಲ್ಲಿ ಯಾರಾದರೂ ಒಬ್ಬರು ಬಿಳಿ ಗೋಡೆಗೆ ನಿಂತಿರುವುದು, ಆರ್ಲಿಸ್ ತಳ್ಳುಗಾಡಿಯ ಹಿಂದೆ ಇರುವುದು ಮಾಮೂಲಾಯಿತು. ಗಿಡ್ಡನೆಯವರಿಗೆ ಒಂದು ಡಬ್ಬ ತೆಗೆದು ಫೋನು ಕೆಳಗಿಳಿಸುತ್ತಿದ್ದಳು, ಎತ್ತರದವರಿಗೆ ಒಂದು ಡಬ್ಬ ಸೇರಿಸುತ್ತಿದ್ದಳು. ಅಳತೆಯ ಪಟ್ಟಿ ಈಗ ಅವಳ ಕುತ್ತಿಗೆಯಲ್ಲೇ ಇರುತ್ತಿತ್ತು. ತೊಡಿಸಿದ ಚಿತ್ರ ನೋಡಿ ಹಿಗ್ಗುವವರಿಗೆ, "ಚಿತ್ರ ಬಣ್ಣ ಹೇಳತ್ತೆ, ಉದ್ದ ಹೇಳಲ್ಲ. ಅಳತೆ ನೋಡಿ ತರಿಸಿ" ಎಂದು ತನ್ನ ಮೀನಖಂಡ ತೋರಿಸಿ ಎಚ್ಚರಿಸುತ್ತಿದ್ದಳು. ನಾಚುವವರಿದ್ದರೆ ಟೈಮರ್ ಇಟ್ಟು ನನ್ನನ್ನೂ ಎಳೆದುಕೊಂಡು ಮೊಗಸಾಲೆಗೆ ಹೋಗುತ್ತಿದ್ದಳು. ಬಾಗಿಲ ಗಾಜಿಗೆ ಒಂದು ಕಾಗದ ಅಂಟಿಸಿದ್ದಳು, ನಾನು ಇಣುಕದ ಹಾಗೆ.

ಹೀಗೇ ಒಂದು ಶನಿವಾರ ಕಾಗದದ ಕಾರ್ಖಾನೆಯ ಲೈಲ್ ಬಂದ. ದೊಡ್ಡ ಮೈಯ, ಕೆಂಪು ಮುಖದ ಮನುಷ್ಯ. ಮಗಳ ಪದವಿ ಸಮಾರಂಭಕ್ಕೆ ಸೂಟು ಬೇಕಿತ್ತು. ಅಂಗಡಿಗೆ ಹೋಗಿ ಹುಡುಗರ ಮುಂದೆ ಹಾಕಿ ಬಿಚ್ಚಲು ಮನಸ್ಸಿಲ್ಲ. ಗೋಡೆಗೆ ನಿಂತವನು ಹೊಟ್ಟೆ ಒಳಗೆ ಎಳೆದುಕೊಂಡ. ಮುಖ ಬೀಟ್‌ರೂಟಿನಂತಾಯಿತು.

"ಉಸಿರು ಬಿಡು ಲೈಲ್" ಎಂದಳು ಆರ್ಲಿಸ್.

"ತೆಗೀರಿ ಬೇಗ, ಆಮೇಲೆ ಬಿಡ್ತೀನಿ."

"ಈಗ ಹೊಟ್ಟೆ ಎಳ್ಕೊಂಡು ಸೂಟ್ ಆರಿಸಿದ್ರೆ, ಮಗಳ ಹೆಸರು ಕರೆಯೋವರೆಗೂ ಹಾಗೇ ಎಳ್ಕೊಂಡು ಕೂರ್ಬೇಕಾಗತ್ತೆ. ಮನೆ ಹೆಸರಿನ ಎಬಿಸಿಡಿ ಪ್ರಕಾರ ಕರೀತಾರೆ, ಅವಳದು ಯಾವ ಅಕ್ಷರದಿಂದ?"

ಲೈಲ್ ಕಣ್ಣು ಪಿಳಿಪಿಳಿ ಬಿಟ್ಟ. "ಝೆಡ್ಡಿಂದ. ಝಿಮ್ಮರ್‌ಮನ್."

"ಅಯ್ಯೋ ದೇವರೇ" ಎಂದಳು ಆರ್ಲಿಸ್.

ಅವನು ಉಸಿರು ಬಿಟ್ಟ. ಹೊಟ್ಟೆ ತನ್ನ ಜಾಗಕ್ಕೆ ಬಂತು, ಭುಜ ಇಳಿಯಿತು, ಮುಖ ಮೊದಲಿನ ಬಣ್ಣಕ್ಕೆ ಮರಳಿತು. ನಗು ತಡೆಯಲಾರದೆ ನಕ್ಕುಬಿಟ್ಟ, ಅವಳು ಅದೇ ಕ್ಷಣಕ್ಕೆ ಫೋಟೋ ತೆಗೆದಳು. ಫೋನಿನಲ್ಲಿ ತನ್ನನ್ನು ನೋಡಿಕೊಂಡು ಲೈಲ್, "ಇದು ನಾನೇನಾ?" ಎಂದ, ಸ್ವಲ್ಪ ಕುಗ್ಗಿದ ದನಿಯಲ್ಲಿ.

"ನೀನೇ. ಲಕ್ಷಣವಾಗಿದೀಯ. ಯಾವ ಬಣ್ಣ ನೋಡೋಣ?"

ಬೂದು ಬಣ್ಣ ಒಪ್ಪಿತು. ಸೊಂಟದ ಅಳತೆ ಹಿಡಿದಾಗ ಮತ್ತೆ ಎಳೆದುಕೊಳ್ಳಲು ನೋಡಿದ, ಆರ್ಲಿಸ್ ಕಣ್ಣಲ್ಲೇ ಗದರಿದಳು. ಅಂದು ಮನೆಗೆ ಹೋದವನು ಬೆಲ್ಟನ್ನು ಒಂದು ತೂತು ಸಡಿಲ ಮಾಡಿಕೊಂಡು ಹಾಯಾಗಿ ಕೂತನಂತೆ, ಮಗಳು ಫೋನ್ ಮಾಡಿದಾಗ ಆ ಫೋಟೋವನ್ನೂ ಕಳಿಸಿದನಂತೆ. ಅವನ ಹೆಂಡತಿ ಬೇಕರಿಯಲ್ಲಿ ಸಿಕ್ಕಾಗ ಹೇಳಿದಳು. ಮುಂದಿನ ಶನಿವಾರ ತಾನೂ ಬರಬಹುದೇ ಎಂದೂ ಕೇಳಿದಳು.